ಮಾತ್ರೆ ಡಬ್ಬಿಯನ್ನು ಟ್ರಂಕಿಗೆ ಹಾಕಬೇಡ

ಚಿ. ಮಂಜುನಾಥನಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನಾಲ್ಕು ದಿನದಿಂದ ಎಚ್‌ಐವಿ ಮಾತ್ರೆ ನುಂಗಿಲ್ಲ ಎಂದು ನಿನ್ನೆ ಫೋನಿನಲ್ಲಿ ಹೇಳಿದೆ. ಸುತ್ತ ಜನರಿದ್ದರು, "ಇಂದೇ ಮತ್ತೆ ಶುರುಮಾಡು" ಎಂದಷ್ಟೇ ಹೇಳಿ ಇಟ್ಟೆ. ಬೈಯಬೇಕೆನಿಸಿತ್ತು. ಆದರೆ ಅದೇ ತಪ್ಪು ಮಾಡಿದವನಿಗೆ ಬೈಯುವ ಬಾಯಿ ಎಲ್ಲಿ?

ನನಗೆ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆ, ಶುರುವಾದದ್ದು 2006ರಲ್ಲಿ. ಸರ್ಕಾರ ಉಚಿತವಾಗಿ ಕೊಡತೊಡಗಿ ಆಗಿನ್ನೂ ಎರಡು ವರ್ಷ. ಅಂದಿನ ಮಾತ್ರೆಯಲ್ಲಿ ಸ್ಟಾವುಡಿನ್ ಎಂಬ ಮದ್ದಿತ್ತು. ಜೀವ ಉಳಿಸಿತು, ಇಲ್ಲವೆನ್ನಲಾರೆ. ಆದರೆ ವರ್ಷ ತುಂಬುವುದರೊಳಗೆ ಅಂಗಾಲು ಉರಿ. ರಾತ್ರಿ ಹಾಸಿಗೆ ಬಿಟ್ಟೆದ್ದು ಅಡುಗೆಮನೆಯ ಕಲ್ಲುನೆಲಕ್ಕೆ ಪಾದ ಒತ್ತಿ ಕೂರುತ್ತಿದ್ದೆ. ಕೆನ್ನೆಯ ಕೊಬ್ಬು ಕರಗಿ ಗುಳಿ ಬಿತ್ತು. ಕ್ಷೌರದವನು "ಗಾಳಿ ತುಂಬಿ ಕೆನ್ನೆ ಉಬ್ಬಿಸಿ ಯಜಮಾನರೇ, ಕತ್ತಿ ಆಡುತ್ತಿಲ್ಲ" ಎಂದ. ಅಂದೇ ಡಬ್ಬಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಕೆಲವು ತಿಂಗಳಲ್ಲೇ ಕ್ಷಯ ಹಿಡಿಯಿತು. ವೈದ್ಯರು ಗದರಲಿಲ್ಲ, "ಕಾಲು ಉರಿಯುತ್ತದೆಂದು ಒಂದು ಮಾತು ಹೇಳಿದ್ದರೆ ಮಾತ್ರೆ ಬದಲಿಸುತ್ತಿದ್ದೆವಲ್ಲ" ಎಂದರು. ಮುಂದೆ ಆ ಮದ್ದನ್ನೇ ಎಲ್ಲೆಡೆ ಕೈಬಿಟ್ಟರು. ನನ್ನ ಹೆಬ್ಬೆರಳ ಜೋಮು ಮಾತ್ರ ಇಂದಿಗೂ ಇದೆ.

ನಿನ್ನದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಮಾತ್ರೆಯಲ್ಲಿ, ದಿನಕ್ಕೊಂದು. ನಮ್ಮ ಕಾಲದ್ದಕ್ಕೆ ಹೋಲಿಸಿದರೆ ಸಾಧು ಮದ್ದು. ನಿದ್ದೆಗೇಡು, ತಲೆನೋವು, ವಾಕರಿಕೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತವೆ. ರಾತ್ರಿಯದನ್ನು ಬೆಳಗಿಗೆ ಬದಲಿಸಬಹುದೇ ಎಂದು ಎಆರ್‌ಟಿ ಕೇಂದ್ರದಲ್ಲಿ ಕೇಳು. ಹಾಗೆ ಮಾಡಿ ನಿದ್ದೆ ಕಂಡವರಿದ್ದಾರೆ.

ಊಟವಾದೊಡನೆ ಗ್ಯಾಸಿನ ಸಿರಪ್ ಕುಡಿಯುವ ಚಾಳಿ ನಿನಗಿದೆಯಲ್ಲ, ನನಗೆ ಭಯ ಅದರದ್ದೇ. ಅದರಲ್ಲಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಸೇರಿ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ, ರಕ್ತ ಸೇರಲು ಬಿಡುವುದಿಲ್ಲ. ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಸಿರಪ್ ಕುಡಿ. ಮೊದಲೇ ಕುಡಿದಿದ್ದರೆ ಮಾತ್ರೆಗೆ ಆರು ಗಂಟೆ ತಡೆ. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳನ್ನು ಊಟದ ಜೊತೆಗಾದರೆ ಇದರೊಂದಿಗೇ ನುಂಗಬಹುದು, ಖಾಲಿ ಹೊಟ್ಟೆಯಲ್ಲಿ ಬೇಡ. ಗಾಡಿ ಓಡಿಸಿ ಸೊಂಟ ನೋವೆಂದು ದಿನಾ ನೋವಿನ ಮಾತ್ರೆ ನುಂಗುವುದನ್ನೂ ವೈದ್ಯರಿಗೆ ಹೇಳು. ಟೆನೊಫೊವಿರ್ ಮೊದಲೇ ಮೂತ್ರಪಿಂಡದ ಮೇಲೆ ಕಣ್ಣಿಟ್ಟ ಮದ್ದು, ಜೊತೆಗೆ ಇನ್ನೊಂದು ಹೊರೆ ಏಕೆ? ತೂಕ ಏರುವುದುಂಟು, ಕೆಲವರಿಗೆ ಸಕ್ಕರೆಯೂ. ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ನೀನು ಪರೀಕ್ಷೆ ತಪ್ಪಿಸಬಾರದು.

ಮೈಮೇಲೆ ದದ್ದೆದ್ದು ಜ್ವರ ಬಂದರೆ, ಬಾಯಿ ಹುಣ್ಣಾದರೆ, ಕಣ್ಣು ಹಳದಿಯಾದರೆ ನನಗೆ ಪತ್ರ ಬರೆಯುತ್ತಾ ಕೂರಬೇಡ. ಆ ಗಳಿಗೆಯೇ ಆಸ್ಪತ್ರೆಗೆ ಹೋಗು.

ಬಿಟ್ಟ ದಿನಗಳನ್ನು ಸರಿದೂಗಿಸಲು ಎರಡೆರಡು ನುಂಗಬೇಡ. ಸಿರಪ್, ನೋವಿನ ಮಾತ್ರೆ, ನೀನು ಬಚ್ಚಿಟ್ಟಿರುವ ಆ ನಾಟಿ ಕಷಾಯ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಎಆರ್‌ಟಿ ಕೇಂದ್ರದ ಮೇಜಿನ ಮೇಲೆ ಸುರಿ. ನಾಲ್ಕು ದಿನ ತಪ್ಪಿದ್ದನ್ನೂ ಹೇಳು. ನಿನ್ನ ವಿಷಯ ಹೊರಗೆ ಹಬ್ಬೀತೆಂದು ಅಂಜಬೇಡ; ಅದನ್ನು ಗುಟ್ಟಾಗಿ ಇಡಬೇಕೆಂದು 2017ರ ಎಚ್‌ಐವಿ ಕಾನೂನೇ ಇದೆ.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಒಟ್ಟಿಗೇ ಹೋಗೋಣ. ಇವತ್ತಿನ ಮಾತ್ರೆಗೆ ಮಾತ್ರ ನನ್ನನ್ನು ಕಾಯಬೇಡ.

ಇಂತಿ,
ನಿನ್ನ ಮಾವ