ವಿಂಡೋಸ್ 10 ನಿಂತೋಯ್ತು ಅಂತ ಕಂಪ್ಯೂಟರ್ ಗುಜರಿಗೆ ಹಾಕ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನೋರು ವಿಂಡೋಸ್ 10ಗೆ ಸಪೋರ್ಟ್, ಅಂದ್ರೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು, ನಿಲ್ಲಿಸಿದ್ಮೇಲೆ ನಮ್ಮ ತುಮಕೂರಲ್ಲಿ ಜೆರಾಕ್ಸ್ ಅಂಗಡಿಯೋರು, ಟ್ಯೂಷನ್ ಮಾಡೋರು, ಮಕ್ಕಳಿಗೆ ಅಂತ ಮನೇಲಿ ಹಳೇ ಡೆಸ್ಕ್‌ಟಾಪ್ ಇಟ್ಕೊಂಡಿರೋರು ಎಲ್ಲಾ ಕೇಳ್ತಿರೋದು ಒಂದೇ, ಈಗ ಇದನ್ನ ಏನ್ ಮಾಡೋದು, ಹೊಸದು ತಗೋಬೇಕಾ ಅಂತ. ನಾನು ಬಿ.ಎಚ್. ರಸ್ತೆ ಕಡೆ ಡಿಟಿಪಿ ಕೆಲಸ ಮಾಡೋನು. ಅಂಗಡೀಲಿ ವಿಂಡೋಸ್, ಮನೇಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕ್ಕೊಳ್ಳೋ, ಪುಕ್ಕಟೆ ಸಿಗೋ ಲಿನಕ್ಸ್‌ನ ಒಂದು ಬಗೆ), ಹಿಂದೆ ಬೆಂಗಳೂರಲ್ಲಿದ್ದಾಗ ಸ್ವಲ್ಪ ಕಾಲ ಮ್ಯಾಕ್ ಮೇಲೂ ಕೆಲಸ ಮಾಡಿದೀನಿ. ಅದಕ್ಕೇ ಬರೀತಾ ಇರೋದು. ಹಳೇ ಕಂಪ್ಯೂಟರ್ ಗುಜರಿಗೆ ಹಾಕ್ಬೇಡಿ, ಅದಕ್ಕೆ ಲಿನಕ್ಸ್ ಹಾಕ್ಸಿ, ಅದರಲ್ಲೂ ಸರ್ಕಾರಿ ಶಾಲೆ ಲ್ಯಾಬ್‌ಗಳಲ್ಲಿ ಇದು ಬೇಗ ಆಗಬೇಕು.

ವಿಂಡೋಸ್ 11 ಬೇಕು ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇರಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಶನ್‌ನಿಂದ ಮೇಲಿನ ಪ್ರೊಸೆಸರ್ರೇ ಆಗಬೇಕು. ರ‍್ಯಾಮ್ ಕಮ್ಮಿ ಇದ್ರೆ ಹಾಕಿಸ್ಕೋಬಹುದು, ಡಿಸ್ಕ್ ಬದಲಾಯಿಸ್ಕೋಬಹುದು, ಪ್ರೊಸೆಸರ್ ಹಳೇದಾದ್ರೆ ಏನ್ ಮಾಡೋದು? ನಮ್ಮ ಪಕ್ಕದ ಮನೆ ಮೇಷ್ಟ್ರ ಹತ್ರ 4ನೇ ಜನರೇಶನ್ ಐ3 ಇದೆ, ಅದನ್ನ ಅಂಗಡಿಗೆ ತಗೊಂಡೋದ್ರೆ ಇದು ಇನ್ನು ಕೆಲಸಕ್ಕೆ ಬರಲ್ಲ ಸಾರ್, ಎಕ್ಸ್‌ಚೇಂಜ್‌ಗೆ ಹಾಕಿ ಅಂದ್ರಂತೆ. ಅದೇ ಮಷೀನಿಗೆ ಒಂದು 256 ಜಿಬಿ ಎಸ್‌ಎಸ್‌ಡಿ ಕೂರಿಸಿ ಮಿಂಟ್ ಹಾಕಿಕೊಟ್ಟೆ, ಈಗ ಅವರ ಮಗಳು ಅದರಲ್ಲೇ ಪಾಠದ ವಿಡಿಯೋ ನೋಡ್ತಾಳೆ, ಮೇಷ್ಟ್ರು ಪ್ರಶ್ನೆಪತ್ರಿಕೆ ಟೈಪ್ ಮಾಡ್ತಾರೆ, ಆಂಟಿವೈರಸ್‌ಗೆ ವರ್ಷಾ ವರ್ಷಾ ದುಡ್ಡು ಕಟ್ಟೋದೂ ತಪ್ಪಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೇರ್ಕೊಂಡ್ರೆ ಮನೆ ಬಳಕೆಯೋರಿಗೆ ವಿಂಡೋಸ್ 10ಗೇ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗೋ ಸ್ಕೀಮ್ ಒಂದಿದೆ, ಅದು ಒಂದು ವರ್ಷದ ವಾಯಿದೆ ಅಷ್ಟೇ.

ಹಂಗಂತ ಎಲ್ರೂ ವಿಂಡೋಸ್ ಬಿಟ್ಬಿಡಿ ಅಂತ ನಾನು ಹೇಳಲ್ಲ. ಟ್ಯಾಲಿ ಬರೆಯೋ ಅಡಿಕೆ, ಕೊಬ್ಬರಿ ಮಂಡಿಯೋರು, ಡಿಜಿಟಲ್ ಸಿಗ್ನೇಚರ್ ಟೋಕನ್ ಹಾಕ್ಕೊಂಡು ಟೆಂಡರ್ ಹಾಕೋ ಕಂಟ್ರಾಕ್ಟರ್‌ಗಳು, ಬೆರಳಚ್ಚು ಮಷೀನ್ ಇಟ್ಕೊಂಡಿರೋ ಸೇವಾ ಕೇಂದ್ರದೋರು ವಿಂಡೋಸಲ್ಲೇ ಇರೋದು ವಾಸಿ. ನಾನೂ ಅಂಗಡೀಲಿ ಇಟ್ಕೊಂಡಿರೋದು ಪೇಜ್‌ಮೇಕರ್, ಕೋರಲ್ ಅನ್ನೋ ಡಿಟಿಪಿ ತಂತ್ರಾಂಶಗಳಿಗೋಸ್ಕರ. ಪೇಜ್‌ಮೇಕರ್‌ನ ಕೊನೇ ವರ್ಷನ್ 7 ಬಂದಿದ್ದು 2001ರಲ್ಲಿ, ಇವತ್ತಿಗೂ ಲಗ್ನಪತ್ರಿಕೆ ಕೆಲಸ ಅದರ ಮೇಲೇ ನಡೀತಿದೆ. ಮ್ಯಾಕ್ ಬಗ್ಗೆ ಹೇಳ್ಬೇಕಂದ್ರೆ ಸ್ಕ್ರೀನ್ ಮೇಲೆ ಕನ್ನಡ ಅಕ್ಷರ ಅಷ್ಟು ಚೆಂದ ಕಾಣೋದು ನಾನು ಬೇರೆಲ್ಲೂ ನೋಡಿಲ್ಲ, ಆದ್ರೆ ಆ ರೇಟು ನಮ್ಮ ಊರಿನ ಡಿಟಿಪಿ ಸಂಪಾದನೆಗೆ ಹೊಂದಲ್ಲ, 2020ರಲ್ಲಿ ಎಂ1 ಚಿಪ್ ಬಂದ್ಮೇಲಂತೂ ಆಮೇಲೆ ರ‍್ಯಾಮ್ ಹಾಕಿಸ್ಕೊಳ್ತೀನಿ ಅನ್ನೋ ಮಾತೂ ಇಲ್ಲ.

ಲಿನಕ್ಸ್ ಅಂದ್ ತಕ್ಷಣ ಎಲ್ರೂ ಕೇಳೋದು ಕನ್ನಡ ಟೈಪಿಂಗ್ ಹೆಂಗೆ, ನುಡಿ ಬರಲ್ವಲ್ಲ ಅಂತ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನುಡಿ ತಂತ್ರಾಂಶ ವಿಂಡೋಸ್‌ಗೇ ಮಾಡಿರೋದು, ನಿಜ. ಆದ್ರೆ ನಮ್ಮ ಕೈಗೆ ಅಭ್ಯಾಸ ಆಗಿರೋದು ನುಡಿಯಲ್ಲಿರೋ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ವಿನ್ಯಾಸ, ಅದು ಲಿನಕ್ಸ್‌ನಲ್ಲೂ ಇದೆ. ಐಬಸ್ ಅಂತ ಇನ್‌ಪುಟ್ ಸೆಟ್ಟಿಂಗ್ ಇರುತ್ತೆ, ಬೇರೆ ಬೇರೆ ಭಾಷೆ ಟೈಪಿಂಗ್‌ಗೆ ಅಂತ ಇರೋ ಎಂ17ಎನ್ ಪ್ಯಾಕೇಜ್ ಹಾಕ್ಕೊಂಡು ಅದರೊಳಗೆ ಕನ್ನಡ ಕೆಜಿಪಿ ಸೇರಿಸಿದ್ರೆ ಆಯ್ತು, ಕೆ, ಎಫ್, ಎಕ್ಸ್ ಒತ್ತಿದ್ರೆ ಕ್ಷ ಬರುತ್ತೆ, ಎಫ್ ಒತ್ತಿದ್ರೆ ಒತ್ತಕ್ಷರ, ಬೆರಳು ಹೊಸದಾಗಿ ಏನೂ ಕಲೀಬೇಕಾಗಿಲ್ಲ. ನಿಜವಾದ ತೊಡಕು ಇರೋದು ಹಳೇ ಫೈಲ್‌ಗಳಲ್ಲಿ. ಯೂನಿಕೋಡ್‌ಗೆ (ಎಲ್ಲಾ ಕಂಪ್ಯೂಟರ್, ಮೊಬೈಲ್‌ಗೂ ಒಂದೇ ಆಗಿರೋ ಅಕ್ಷರ ಸಂಕೇತ) ಮುಂಚಿನ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲನ್ನ ಬೇರೆ ಕಂಪ್ಯೂಟರ್‌ನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆಲ್ಲಾ ಗೀಟು ಚುಕ್ಕಿ ಹಾಕಿದ ಹಾಗೆ ಕಾಣುತ್ತೆ, ಜನ ಫೈಲ್ ಹೋಯ್ತು ಅಂತ ಗಾಬರಿ ಬೀಳ್ತಾರೆ. ಏನೂ ಹೋಗಿರಲ್ಲ. ಆ ಫಾಂಟ್ ಫೈಲನ್ನೇ ಲಿನಕ್ಸ್‌ಗೆ ಕಾಪಿ ಮಾಡಿ ಹಾಕಿದ್ರೆ ಪುಕ್ಕಟೆ ಸಿಗೋ ಲಿಬ್ರೆ ಆಫೀಸ್ ತಂತ್ರಾಂಶದಲ್ಲಿ ಓದೋಕೆ ಬರುತ್ತೆ, ಯೂನಿಕೋಡ್‌ಗೆ ಪರಿವರ್ತನೆ ಮಾಡ್ಕೊಂಡ್ರೆ ಇನ್ನೂ ಒಳ್ಳೇದು, ಮೊಬೈಲಲ್ಲೂ ಕಾಣುತ್ತೆ, ಹುಡುಕಿದ್ರೂ ಸಿಗುತ್ತೆ. ಪರಿವರ್ತನೆ ಮಾಡಿದ್ಮೇಲೆ ಒಂದ್ಸಲ ಕೂತ್ಕೊಂಡು ಓದಿ, ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಕೆಲವು ಕಡೆ ಎಡವಟ್ಟಾಗುತ್ತೆ. ನಮ್ಮ ಜನ ವಿಂಡೋಸ್‌ಗೆ ಅಂಟ್ಕೊಂಡಿರೋದಕ್ಕೆ ಅರ್ಧ ಕಾರಣ ಈ ಹಳೇ ಫೈಲ್‌ಗಳೇ ಅಂತ ನನಗನ್ಸುತ್ತೆ.

ಇನ್ನು ಶಾಲೆ ವಿಷಯ. ಲ್ಯಾಬ್‌ನಲ್ಲಿರೋ ಕಂಪ್ಯೂಟರ್‌ಗಳು ಅಪ್‌ಡೇಟ್ ಇಲ್ಲದೆ ನಿಧಾನ ಆಗಿ, ಪೆನ್‌ಡ್ರೈವ್ ವೈರಸ್ ಹತ್ಕೊಂಡು, ಕೊನೆಗೆ ಬಟ್ಟೆ ಮುಚ್ಚಿ ಬೀಗ ಹಾಕಿಸ್ಕೊಂಡು ಕೂತಿರ್ತವೆ, ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ರೂ ನಡೆಯುತ್ತೆ, 4 ಇದ್ರೆ ಆರಾಮ, ತೀರಾ ಹಳೇದಕ್ಕೆ ಎಕ್ಸ್‌ಎಫ್‌ಸಿಇ ಅನ್ನೋ ಹಗುರದ ಎಡಿಷನ್ ಇದೆ. ಲೈಸೆನ್ಸ್ ಫೀಸು ಇಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳಿಗೆ ಅಂತಾನೇ ಕೈಟ್ ಅನ್ನೋ ಸರ್ಕಾರಿ ಸಂಸ್ಥೆಯೋರು ಉಬುಂಟು ಅನ್ನೋ ಲಿನಕ್ಸ್ ಮೇಲೆ ತಮ್ಮದೇ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ತಂತ್ರಾಂಶ) ಮಾಡಿ ಕೊಡ್ತಿದಾರೆ, ಮೇಷ್ಟ್ರುಗಳಿಗೆ ಟ್ರೈನಿಂಗೂ ಕೊಡ್ತಾರೆ. ನಮ್ಮಲ್ಲಿ ಯಾಕಾಗಲ್ಲ?

ನಾಳೆ ಕೆಲಸಕ್ಕೆ ಹೋದ್ರೆ ವಿಂಡೋಸೇ ಇರುತ್ತೆ, ಮಕ್ಕಳಿಗೆ ಕಷ್ಟ ಆಗಲ್ವಾ ಅಂತ ಅಪ್ಪ ಅಮ್ಮಂದಿರು ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಫೋಲ್ಡರ್ ಮಾಡೋದು, ಶೀಟ್‌ನಲ್ಲಿ ಲೆಕ್ಕ ಹಾಕೋದು, ಬ್ರೌಸರ್ ಬಳಸೋದು ಎರಡರಲ್ಲೂ ಒಂದೇ, ಒಂದರಲ್ಲಿ ಕಲಿತ ಹುಡುಗ್ರಿಗೆ ಇನ್ನೊಂದು ಬೇಗ ಹತ್ತುತ್ತೆ. ಅವರ ಕೈಲಿರೋ ಆಂಡ್ರಾಯ್ಡ್ ಫೋನ್ ಒಳಗೆ ಓಡ್ತಿರೋದೂ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಓದ್ತಾ ಇರೋವಾಗ ಶುರು ಮಾಡಿದ ಅದೇ ಲಿನಕ್ಸ್ ಕರ್ನಲ್ಲು, ಅಂದ್ರೆ ಓಎಸ್‌ನ ತಿರುಳು.

ತುಮಕೂರು, ಮಧುಗಿರಿ ಎರಡೂ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ, ಕಂಪ್ಯೂಟರ್‌ಗಳನ್ನ ಇ-ತ್ಯಾಜ್ಯ ಅಂತ ಪಟ್ಟಿಗೆ ಸೇರಿಸೋಕೆ ಮುಂಚೆ ತಾಲ್ಲೂಕಿಗೆ ಒಂದೊಂದು ಶಾಲೆಯಲ್ಲಾದ್ರೂ ಇದನ್ನ ಮಾಡಿ ನೋಡಿ. ಮೊದಲು ಇನ್‌ಸ್ಟಾಲೂ ಮಾಡ್ಬೇಕಾಗಿಲ್ಲ, ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದ್ರೆ ಒಳಗಿರೋ ಡೇಟಾ ಮುಟ್ಟದೆ ಎಲ್ಲಾ ಓಡುತ್ತೆ, ಪ್ರಿಂಟರ್, ವೈಫೈ ಹಿಡಿಯುತ್ತಾ ಅಂತ ಅಲ್ಲೇ ಗೊತ್ತಾಗುತ್ತೆ. ಆ ಪೆನ್‌ಡ್ರೈವ್ ರೆಡಿ ಮಾಡಿ ಶಾಲೆಗೇ ಬಂದು ತೋರಿಸೋಕೆ ನಮ್ಮಂಥ ಡಿಟಿಪಿಯೋರು, ಇಂಜಿನಿಯರಿಂಗ್ ಓದೋ ಹುಡುಗ್ರು ಪ್ರತಿ ತಾಲ್ಲೂಕಲ್ಲೂ ಇದಾರೆ, ಕೇಳಿದ್ರೆ ಸಾಕು, ಬರ್ತೀವಿ.

ಇಂತಿ,
ಒಬ್ಬ ಡಿಟಿಪಿ ಆಪರೇಟರ್, ತುಮಕೂರು