ಕ್ವಾರ್ಟರ್ಸ್ ಬಿಡಿ ಅಂದ್ರೆ

ಭದ್ರಾವತಿ

ಚಿ. ಸೌ. ವಿಜಯಾಳಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದದ ಆ ಒಂದು ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ. "ಗಣಿ ಖಾಸಗಿಯವರ ಕೈಗೆ ಹೋಗಿ ಕ್ವಾರ್ಟರ್ಸ್ ಬಿಡಿ ಅಂದ್ರೆ, ಈ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ?" ಅಳಿಯಂದಿರು ಇದನ್ನು ಸುಮ್ನೆ ಗಾಬರಿ ಅನ್ನುತ್ತಾರಂತೆ. ಗಾಬರಿ ಅಲ್ಲ ಕಣೇ. ಮನೆ, ನಲ್ಲಿ ನೀರು, ಆಸ್ಪತ್ರೆ ಎಲ್ಲ ಒಂದೇ ನೌಕರಿಗೆ ಕಟ್ಟಿಹಾಕಿದ ಬದುಕು ನಮ್ಮದು.

2020ರಿಂದ ಖಾಸಗಿಯವರಿಗೆ ಹರಾಜಾಗುತ್ತಿರುವುದು ಕಲ್ಲಿದ್ದಲಿನ ಹೊಸ ಬ್ಲಾಕುಗಳು, ಅಂದ್ರೆ ಗಣಿ ತೋಡಲು ಗುರುತಿಸಿದ ಜಾಗಗಳು, ನಿಮ್ಮಂಥ ನಡೆಯುತ್ತಿರುವ ಸರ್ಕಾರಿ ಗಣಿಯಲ್ಲ. ಆದರೆ ಸರ್ಕಾರಿ ಗಣಿಯ ಒಳಗೇ ಕೆಲಸ ಕಾಂಟ್ರಾಕ್ಟಿಗೆ ಹೋಗುತ್ತಿದೆಯಲ್ಲ, ನನ್ನ ಭಯ ಅದರದ್ದು. ಕಾಂಟ್ರಾಕ್ಟಿನ ಹುಡುಗನಿಗೆ ಕ್ವಾರ್ಟರ್ಸ್ ಯಾರು ಕೊಡುತ್ತಾರೆ? ಸರ್ಕಾರಿ ಗಣಿ ಅನ್ನೋ ಬೋರ್ಡು ಹಾಗೇ ಇರುತ್ತದೆ, ಸಾಲುಮನೆಗಳು ಖಾಲಿಯಾಗುತ್ತವೆ.

ಇಲ್ಲಿಯ ಸರ್ಕಾರಿ ಉಕ್ಕಿನ ಕಾರ್ಖಾನೆಯನ್ನೇ ನೋಡು. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಸ್ವಂತ ಗಣಿ ಇಲ್ಲದೆ ಸೊರಗಿತು. ಮಾರಲು ಹೊರಟರು, ಕೊಳ್ಳುವವರು ಸಿಗದೆ 2022ರಲ್ಲಿ ಕೈಬಿಟ್ಟರು. ಸರ್ಕಾರದ್ದಾದರೆ ಕಾಯಂ ಅನ್ನೋ ಹಾಗೂ ಇಲ್ಲ, ಅಲ್ವಾ?

ನಮ್ಮ ಪಕ್ಕದ ಮನೆಯವಳು ಖಾಲಿ ಮಾಡಿದ ದಿನ ಹಿತ್ತಲಿನ ಮಲ್ಲಿಗೆ ಬಳ್ಳಿಗೆ ಕೊನೆಯ ಕೊಡ ನೀರು ಹಾಕಿ, ಕೊಡವನ್ನು ಲಾರಿಗೆ ಕೊಟ್ಟಳು. ಯಾವ ಊರಿಗೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಆ ಕೊರಗಿದೆ.

ಆಫ್ರಿಕಾದ ಜಾಂಬಿಯಾ ದೇಶದ ಬಗ್ಗೆ ಓದಿದ್ದೆ. 1997ರಿಂದ 2000ದೊಳಗೆ ಅಲ್ಲಿ ಸರ್ಕಾರಿ ತಾಮ್ರದ ಗಣಿಗಳನ್ನು ಮಾರಿದರು. ಗಣಿಯೂರಿನ ಆಸ್ಪತ್ರೆ, ಶಾಲೆ ಎಲ್ಲ ಆ ಸರ್ಕಾರಿ ಗಣಿ ಕಂಪನಿಯೇ ನಡೆಸುತ್ತಿತ್ತು. ಕಂಪನಿ ಮನೆಗಳನ್ನು ಅದರಲ್ಲಿದ್ದವರಿಗೇ ಮಾರಿದರು. ಮನೆ ಉಳಿಯಿತು, ಸಾವಿರಾರು ಜನರ ಕೆಲಸ ಹೋಯಿತು. ಹೊಸ ಮಾಲೀಕರು ಬಂಡವಾಳ ಹಾಕಿದರು, ಗಣಿ ಚೇತರಿಸಿಕೊಂಡಿತು, ಅದೂ ನಿಜ. ಆದರೆ ತಾಮ್ರದ ಬೆಲೆ ಏರಿದಾಗಲೂ ಒಪ್ಪಂದದ ಪ್ರಕಾರ ಸರ್ಕಾರಕ್ಕೆ ರಾಯಲ್ಟಿ, ಅಂದ್ರೆ ತೆಗೆದ ತಾಮ್ರದ ಮೇಲೆ ಸಿಗುವ ಪಾಲು, ಬರೀ 0.6%. ಮೊದಲೇ ಬರೆಸಿಕೊಳ್ಳದ್ದು ಆಮೇಲೆ ಸಿಗುವುದು ಕಷ್ಟ ವಿಜಿ.

ಅದಕ್ಕೇ, ತಪ್ಪು ತಿಳಿಯಬೇಡ, ಯೂನಿಯನ್ ಮೀಟಿಂಗಿನಲ್ಲಿ ಸಂಬಳದ ಜೊತೆಗೆ ಮನೆ, ಆಸ್ಪತ್ರೆಯ ಮಾತೂ ಎತ್ತಲು ಅಳಿಯಂದಿರಿಗೆ ಹೇಳು. ಕ್ವಾರ್ಟರ್ಸ್ ಅಲಾಟ್‌ಮೆಂಟ್ ಕಾಗದ ಎಲ್ಲಿದೆ ನೋಡಿಕೋ. ವಿ.ಆರ್.ಎಸ್., ಅಂದ್ರೆ ಸ್ವಯಂ ನಿವೃತ್ತಿ, ಅಂತ ಬಂದರೆ ಆ ದುಡ್ಡಲ್ಲಿ ಕಾರು ಗೀರು ಬೇಡ. ಮೊದಲು ಒಂದು ಸೈಟು. ಇಷ್ಟು ಹೇಳೋ ಹಕ್ಕು ನನಗಿದೆಯೋ ಇಲ್ಲವೋ. ಮನೆ ಬಿಡೋ ಮಾತು ಬಂದರೆ ಹೊತ್ತು ನೋಡದೆ ಫೋನ್ ಮಾಡು, ಇಲ್ಲಿ ಎರಡು ಕೋಣೆ ಖಾಲಿ ಇವೆ. ಮತ್ತೆ, ಪಿ.ಎಫ್.ಗೆ ನಾಮಿನಿಯಾಗಿ ನಿನ್ನ ಹೆಸರಿದೆಯಾ ಕೇಳಿ ತಿಳಿಸು.

ನಿನ್ನ
ದೊಡ್ಡಮ್ಮ