ಅಡ್ಡರಸ್ತೆ ಇಲ್ಲದೆ ಸರ್ವಿಸ್ ರಸ್ತೆ ಅಗಲಿಸಿ ಫಲವಿಲ್ಲ

ಮಾನ್ಯರೇ,

ಕಾಸರಗೋಡು ಜಿಲ್ಲೆಯ ತಲಪಾಡಿ–ಚೆಂಗಳ ಷಟ್ಪಥ ಹೆದ್ದಾರಿಯ ಬದಿಯ ಸರ್ವಿಸ್ ರಸ್ತೆ ವಾಹನಗಳಿಂದ ಕಟ್ಟಿಕೊಂಡಾಗಲೆಲ್ಲ ‘ಅಗಲ ಮಾಡಿ’ ಎಂಬ ಕೂಗು ಏಳುತ್ತದೆ. ಅಗಲ ಸಾಲದು, ನಿಜ. ಆದರೆ ಮೂಲ ದೋಷ ಅದರ ಹಿಂದಿರುವ ಓಣಿಗಳಲ್ಲಿದೆ.

ನಮ್ಮ ಕಡೆ ಕಡಲು, ರೈಲುಹಳಿ, ಹೆದ್ದಾರಿ ಮೂರೂ ಉತ್ತರ–ದಕ್ಷಿಣವಾಗಿ ಸಾಗುತ್ತವೆ. ಅಡ್ಡ ದಾಟುವ ಜಾಗಗಳು ಬೆರಳೆಣಿಕೆಯಷ್ಟು. ಹೆದ್ದಾರಿಯ ಅಗಲ 45 ಮೀಟರ್. ಎರಡು ಅಂಡರ್‌ಪಾಸ್‌ಗಳ ನಡುವೆ ಒಂದು ಕಿಲೋಮೀಟರ್ ಅಂತರವಿದ್ದರೆ, ಸರಿಮಧ್ಯದ ಮನೆಯವರು ಎದುರಿನ ಅಂಗಡಿಗೆ ಹೋಗಲು 500 ಮೀಟರ್ ನಡೆದು, ದಾಟಿ, ಮತ್ತೆ 500 ಮೀಟರ್ ಹಿಂದೆ ಬರಬೇಕು. ವಯಸ್ಸಾದವರಿಗೆ ಕಾಲು ಗಂಟೆಯ ದಾರಿ. ಅಷ್ಟು ದೂರಕ್ಕೂ ಆಟೋ ಹಿಡಿಯುತ್ತಾರೆ, ಆ ಆಟೋ ಸರ್ವಿಸ್ ರಸ್ತೆಗೇ ಬರುತ್ತದೆ.

ಇಲ್ಲಿ ಮನೆಗಳು ಬೀದಿಗೆ ಅಂಟಿಕೊಂಡು ಬೆಳೆದವಲ್ಲ, ತೋಟಕ್ಕೊಂದರಂತೆ ಚದುರಿದವು. ಅವನ್ನು ಬೆಸೆದದ್ದು ಗದ್ದೆಯ ಕಟ್ಟಪುಣಿ (ಬದುವಿನ ದಾರಿ), ತೋಡಿನ (ಹಳ್ಳದ) ಕಾಲುಸಂಕ, ಅಂದರೆ ಕಿರುಸೇತುವೆ. ತೋಟ ಪಾಲಾಗುವಾಗ ಪ್ರತಿಯೊಬ್ಬರೂ ಹೆದ್ದಾರಿಯ ಕಡೆಗೊಂದು ಓಣಿ ಬಿಟ್ಟು, ಅದರ ಒಳಗಿನ ಕೊನೆಗೆ ಕೆಂಪುಕಲ್ಲಿನ ಗೋಡೆ ಎಬ್ಬಿಸಿದರು. ಗೋಡೆಯ ಆಚೆ ಇಪ್ಪತ್ತು ಮೀಟರಿನಲ್ಲಿ ಪಕ್ಕದ ತೋಟದ ಓಣಿಯೂ ಹಾಗೆಯೇ ಮುಗಿದಿರುತ್ತದೆ. ನೆರೆಮನೆಗೆ ಹೋಗುವ ಬೈಕೂ ಹೆದ್ದಾರಿ ಬದಿಗೆ ಇಳಿದು ಹತ್ತಬೇಕು.

ಭೂಮಿಯ ಬಳಕೆಯೂ ಇದರಿಂದಲೇ ನಿರ್ಧಾರವಾಗುತ್ತದೆ. ಕೇರಳದ 2019ರ ಕಟ್ಟಡ ನಿಯಮಗಳ ಪ್ರಕಾರ ಕಟ್ಟಡದ ವಿಸ್ತೀರ್ಣ ಹೆಚ್ಚಿದಂತೆ ಅದಕ್ಕೆ ಹೋಗುವ ದಾರಿಯೂ ಅಗಲವಾಗಬೇಕು. ಇಕ್ಕಟ್ಟಿನ ಓಣಿಯ ತುದಿಯಲ್ಲಿ ದೊಡ್ಡದೇನೂ ಏಳುವಂತಿಲ್ಲ. ಹಾಗಾಗಿ ವ್ಯಾಪಾರವೆಲ್ಲ ರಸ್ತೆಯಂಚಿನ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ, ಗಿರಾಕಿಗಳ ವಾಹನವೂ ಅಲ್ಲೇ. ಬಾರ್ಸಿಲೋನಾದ 1859ರ ವಿಸ್ತರಣೆಯಲ್ಲಿ ಸುಮಾರು 133 ಮೀಟರಿಗೊಂದು ಅಡ್ಡಬೀದಿ ಇಟ್ಟು, ಮೂಲೆಗಳನ್ನು ಓರೆಯಾಗಿ ಕತ್ತರಿಸಿದರು. ಅಂಗಡಿಗಳು ಒಳಬೀದಿಗಳಿಗೂ ಹಂಚಿಹೋದವು. ಗುಡ್ಡ, ತೋಡುಗಳ ನಮ್ಮ ನೆಲದಲ್ಲಿ ಅಂಥ ಚೌಕಾಕಾರದ ಬೀದಿಜಾಲ ಕೂರದು. ಓಣಿಗಳನ್ನು ಕೂಡಿಸುವುದು ಮಾತ್ರ ಸಾಧ್ಯ.

ಗ್ರಾಮಸಭೆಗಳು ವಾರ್ಡಿನ ಸರ್ವೆ ನಕ್ಷೆ ಹಿಡಿದು ನಡೆದು, ಎದುರುಬದುರಾಗಿ ಮುಗಿಯುವ ಓಣಿಗಳನ್ನು ಗುರುತಿಸಲಿ. ವಾಹನಕ್ಕೆ ಜಾಗ ಸಿಗದಿದ್ದರೆ ಎರಡು ಮೀಟರಿನ ನಡೆದಾರಿಯಾದರೂ ಆಗಲಿ. ನಾಲ್ಕು ದಾರಿ ಒಂದೆಡೆ ಕೂಡುವುದಕ್ಕಿಂತ ಮೂರು ಕೂಡುವುದು ಲೇಸು: ವಾಹನಗಳು ಪರಸ್ಪರ ತಾಗಬಹುದಾದ ಬಿಂದುಗಳು 32ರಿಂದ 9ಕ್ಕೆ ಇಳಿಯುತ್ತವೆ. ತಿರುವಿನಲ್ಲಿ ಆವರಣಗೋಡೆಯ ಮೂಲೆಯನ್ನು ಓರೆಯಾಗಿ ತೆಗೆಯಲೇಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವವನಿಗೆ ನಿಲ್ಲಿಸಲು ಸುಮಾರು 30 ಮೀಟರ್ ಮುಂದಿನದು ಕಾಣಬೇಕು. ಗೋಡೆ ತುದಿಯವರೆಗೆ ಬಂದಿದ್ದರೆ ಐದು ಮೀಟರೂ ಕಾಣದು. ತೋಡು ದಾಟುವಲ್ಲಿ ಪೈಪು ಹುಗಿದು ಮಣ್ಣು ಮುಚ್ಚಿದರೆ ಮೊದಲ ಮಳೆಗೇ ಸೋಗೆ, ಕಸ ಸಿಕ್ಕಿ ಕಟ್ಟುತ್ತದೆ. ಅಲ್ಲಿ ಪೂರ್ತಿ ಅಗಲದ ಸಂಕವೇ ಬೇಕು.

ಇಂಥ ಕೆಲಸ ಕೆಡುವುದು ಬಾಯಿಮಾತಿನ ಒಪ್ಪಿಗೆಯಿಂದ. ಜಾಗ ಮಾರಾಟವಾದ ಮರುದಿನ ದಾರಿಗೆ ಗೇಟು ಬೀಳುತ್ತದೆ. ಬಿಟ್ಟುಕೊಟ್ಟ ಜಾಗವನ್ನು ಪಂಚಾಯತ್ ಹೆಸರಿಗೆ ಬರೆಸಿ ಆಸ್ತಿ ರಿಜಿಸ್ಟರಿಗೆ ಸೇರಿಸಿದ ಮೇಲೆಯೇ ಜಲ್ಲಿ ಇಳಿಸಲಿ.

– ಓದುಗ, ಕಾಸರಗೋಡು